ರೈಲಿನ ಮುಂದೆ ಕಟ್ಟಿದ ಕ್ಯಾಮೆರಾ

(ಲೇಖಕರು ನಮ್ಮ ಶಾಲೆಯ 2005ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಸಂಪಾದಕ ಸಮಿತಿಯವರು ಕೇಳಿದಾಗ ಶಾಲೆಯ ನೆನಪುಗಳನ್ನೇ ಬರೆಯಬಹುದಿತ್ತು. ಆ ಕೆಲಸವನ್ನು ನನಗಿಂತ ಹಿರಿಯರು ನನಗಿಂತ ಚೆನ್ನಾಗಿ ಮಾಡುತ್ತಾರೆಂದು ಬಲ್ಲೆ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಎಂಟನೇ ತರಗತಿಯಲ್ಲಿ ಇತಿಹಾಸದ ಆಧಾರಗಳು ಎಂಬ ಪಾಠ ಮಾಡುವಾಗ ಶಾಸನ, ನಾಣ್ಯ, ಗ್ರಂಥ, ಸ್ಮಾರಕ ಎಂದು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ನಮ್ಮಿಂದ ಜೋರಾಗಿ ಹೇಳಿಸುತ್ತಿದ್ದರು. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಆ ಸಾಲು: ಓಡುವ ರೈಲಿನಿಂದ ತೆಗೆದ ಮೊದಮೊದಲ ಮೂಕಿ ಚಿತ್ರಗಳು.

ಇವುಗಳಲ್ಲಿ ಕಥೆಯಿಲ್ಲ, ನಾಯಕ ನಾಯಕಿಯರಿಲ್ಲ, ಹಾಡಿಲ್ಲ. ರೈಲು ಇಂಜಿನಿನ ಮೂತಿಗೋ, ಕೊನೆಯ ಬೋಗಿಗೋ ಕ್ಯಾಮೆರಾ ಕಟ್ಟಿ ಬಿಟ್ಟಿರುತ್ತಾರೆ. ಹಳಿ ನಮ್ಮ ಕಡೆಗೇ ಹರಿದು ಬರುತ್ತದೆ, ಎರಡು ಬದಿಯ ಗಿಡಮರ ಹಿಂದಕ್ಕೆ ಓಡುತ್ತವೆ, ಒಂದು ಸುರಂಗ ಬರುತ್ತದೆ, ಕತ್ತಲಾಗುತ್ತದೆ, ಮತ್ತೆ ಬೆಳಕು. ಒಂದೆರಡು ನಿಮಿಷದಲ್ಲಿ ಮುಗಿಯಿತು. ಇಂಜಿನ್ ಕಾಣುವುದಿಲ್ಲ, ಓಡಿಸುವವನೂ ಕಾಣುವುದಿಲ್ಲ. ಯಾವುದೋ ಕಾಣದ ಶಕ್ತಿ ನೋಡುವವನನ್ನು ಹೊತ್ತುಕೊಂಡು ಹೋದ ಹಾಗಿರುತ್ತದೆ. ಅದಕ್ಕೇ ಇಂಗ್ಲಿಷರು ಇವಕ್ಕೆ 'ಫ್ಯಾಂಟಮ್ ರೈಡ್' ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ದೆವ್ವದ ಸವಾರಿ.

ಸಿನಿಮಾ ಹುಟ್ಟಿದ್ದನ್ನು ಸಾಮಾನ್ಯವಾಗಿ 1895ರ ಡಿಸೆಂಬರ್ 28ರಿಂದ ಎಣಿಸುತ್ತಾರೆ. ಅಂದು ಪ್ಯಾರಿಸ್ಸಿನ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ಟು ಇಟ್ಟು ಚಿತ್ರ ತೋರಿಸಿದರು. ಏಳು ತಿಂಗಳೂ ತುಂಬುವ ಮೊದಲೇ, 1896ರ ಜುಲೈ 7ರಂದು, ಅದೇ ಯಂತ್ರ ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದಿತ್ತು. ನಿಲ್ದಾಣಕ್ಕೆ ರೈಲು ಬರುವ ಅವರ ಚಿತ್ರ ನೋಡಿ ಜನ ಹೆದರಿ ಎದ್ದೋಡಿದರು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಹುಡುಕಿ ನೋಡಿದವರಿಗೆ ಅದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಆದರೂ ಕಥೆ ಸಾಯುತ್ತಿಲ್ಲ, ಏಕೆಂದರೆ ಹೇಳುವುದಕ್ಕೆ ಚೆನ್ನಾಗಿದೆ!

ಆ ಚಿತ್ರದಲ್ಲಿ ಕ್ಯಾಮೆರಾ ನಿಂತಲ್ಲೇ ನಿಂತಿತ್ತು, ರೈಲು ಓಡುತ್ತಿತ್ತು. ಇದನ್ನು ತಿರುಗಿಸಿ ಹಾಕಿದವರಲ್ಲಿ ಮೊದಲಿಗ ಲೂಮಿಯೇರ್ ಅವರ ಹತ್ತಿರ ಕೆಲಸಕ್ಕಿದ್ದ ಅಲೆಕ್ಸಾಂಡ್ರ್ ಪ್ರೋಮಿಯೊ. 1896ರಲ್ಲಿ ವೆನಿಸ್ಸಿನಲ್ಲಿ ದೋಣಿಯಲ್ಲಿ ಕೂತು ಹೋಗುವಾಗ ಅವನಿಗೆ ಒಂದು ಯೋಚನೆ ಬಂತು. ನಿಂತ ಕ್ಯಾಮೆರಾ ಓಡುವ ವಸ್ತುಗಳನ್ನು ಹಿಡಿಯುವುದಾದರೆ, ಓಡುವ ಕ್ಯಾಮೆರಾ ನಿಂತ ವಸ್ತುಗಳನ್ನು ಹಿಡಿಯಬಾರದೇಕೆ? ದೋಣಿಯಲ್ಲೇ ಕ್ಯಾಮೆರಾ ಇಟ್ಟು ದಡದ ಮನೆಗಳನ್ನು ತೆಗೆದ. ರೀಲನ್ನು ಊರಿಗೆ ಕಳಿಸಿ, ಯಜಮಾನರು ಏನನ್ನುತ್ತಾರೋ ಎಂದು ಅಳುಕುತ್ತಲೇ ಕಾದ. ಅವರು ಒಪ್ಪಿದರು. ಇವತ್ತು ಇದು ನಮಗೆ ಎಷ್ಟು ಸಹಜವೆಂದರೆ, ಬಸ್ಸಿನ ಕಿಟಕಿಯಿಂದ ಮೊಬೈಲ್ ಹಿಡಿಯುವ ಹುಡುಗನಿಗೆ ಇದನ್ನೂ ಯಾರೋ ಒಬ್ಬರು ಮೊದಲು ಯೋಚಿಸಬೇಕಾಗಿ ಬಂತು ಎಂದರೆ ನಂಬಲಿಕ್ಕಿಲ್ಲ.

ಮುಂದಿನ ವರ್ಷ ಪ್ರೋಮಿಯೊ ಜೆರುಸಲೇಮಿನಲ್ಲಿದ್ದ. ಆಗ ಅದು ತುರ್ಕಿಯ ಸುಲ್ತಾನರ ರಾಜ್ಯಕ್ಕೆ ಸೇರಿತ್ತು. ಜಾಫಾ ಬಂದರಿನಿಂದ ಜೆರುಸಲೇಮಿಗೆ ರೈಲು ಬಂದದ್ದು 1892ರಲ್ಲಿ, ಅಂದರೆ ಐದು ವರ್ಷವಷ್ಟೇ ಹಿಂದೆ. ಹೊರಡುತ್ತಿರುವ ರೈಲಿನಿಂದ ಅವನು ತೆಗೆದ ಚಿತ್ರ ಒಂದು ನಿಮಿಷವೂ ಇಲ್ಲ. ಪಾಳುಗೋಡೆ ದಾಟುತ್ತದೆ, ಪ್ಲಾಟ್‌ಫಾರಂ ಬರುತ್ತದೆ. ಅದರ ಮೇಲೆ ಬೇರೆಬೇರೆ ಉಡುಪಿನ ಜನ: ಕೋಟು ತೊಟ್ಟ ಯೂರೋಪಿನವರು, ತಲೆಗೆ ಬಟ್ಟೆ ಸುತ್ತಿದ ಅರಬರು, ಗಡ್ಡ ಬಿಟ್ಟ ಯಹೂದಿ ಹಿರಿಯರು. ಕೆಲವರು ಟೋಪಿ ಎತ್ತಿ ಬೀಳ್ಕೊಡುತ್ತಾರೆ. ಯಾರಿಗೆ? ರೈಲಿನಲ್ಲಿದ್ದ ನೆಂಟರಿಗೋ, ಕ್ಯಾಮೆರಾದವನಿಗೋ ತಿಳಿಯದು. ನೋಡುವವರಿಗೆ ಮಾತ್ರ ಅವರು ನಮಗೇ ಕೈ ಎತ್ತಿದಂತೆ ಕಾಣುತ್ತದೆ. ಆ ಊರಿನ ಹೆಸರು ಇವತ್ತು ಪತ್ರಿಕೆಯಲ್ಲಿ ಬಂದರೆ ಯಾವ ಸುದ್ದಿಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಆ ಒಂದು ನಿಮಿಷದ ಪ್ಲಾಟ್‌ಫಾರಮ್ಮಿನಲ್ಲಿ ಆ ಜನ ಒಬ್ಬರ ಪಕ್ಕ ಒಬ್ಬರು ನಿಂತಿದ್ದಾರೆ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇಂಜಿನಿನ ಮುಂದೆಯೇ ಕ್ಯಾಮೆರಾ ಕಟ್ಟಿ ಗದ್ದಲವೆಬ್ಬಿಸಿದವರು ಅಮೆರಿಕದ ಬಯೋಗ್ರಾಫ್ ಕಂಪನಿಯವರು. 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ದಡದ ಹೇವರ್‌ಸ್ಟ್ರಾ ಸುರಂಗದೊಳಕ್ಕೆ ರೈಲು ನುಗ್ಗುವುದನ್ನು ತೆಗೆದರು. ಅದೇ ವರ್ಷ ಲಂಡನ್ನಿನ ಥಿಯೇಟರಿನಲ್ಲೂ ಅದು ಓಡಿತು. ಅವರ ಕ್ಯಾಮೆರಾ ಲೂಮಿಯೇರರದ್ದರಂತೆ ಕೈಯಲ್ಲಿ ಹೊತ್ತು ತಿರುಗುವ ಪೆಟ್ಟಿಗೆಯಲ್ಲ, ಬ್ಯಾಟರಿ ಮತ್ತು ಮೋಟಾರಿನಿಂದ ನಡೆಯುವ ಭಾರೀ ಯಂತ್ರ. ಚಿತ್ರ ತೆಗೆಯುತ್ತ ತೆಗೆಯುತ್ತಲೇ ಫಿಲ್ಮಿಗೆ ತೂತು ಹೊಡೆಯುತ್ತಿತ್ತು. ಫಿಲ್ಮಿನ ಅಗಲ 68 ಮಿಲಿಮೀಟರ್, ಅಂದರೆ ಉಳಿದವರು ಬಳಸುತ್ತಿದ್ದ 35 ಮಿಲಿಮೀಟರಿನ ಹತ್ತಿರಹತ್ತಿರ ಎರಡರಷ್ಟು. ಸೆಕೆಂಡಿಗೆ ಸುಮಾರು 30 ಚಿತ್ರ. ಲೂಮಿಯೇರರು ಕೈಯಿಂದ ಹಿಡಿಕೆ ತಿರುಗಿಸಿ ತೆಗೆಯುತ್ತಿದ್ದದ್ದು ಸೆಕೆಂಡಿಗೆ ಸುಮಾರು 16. ಹಾಗಾಗಿ ಬಯೋಗ್ರಾಫ್ ಚಿತ್ರಗಳು ಇಂದಿಗೂ ಬೆರಗಾಗುವಷ್ಟು ಸ್ಪಷ್ಟ. ಜರ್ಮನಿಯ ವುಪರ್ಟಾಲ್ ಊರಿನಲ್ಲಿ ಮೇಲಿನ ಹಳಿಗೆ ನೇತುಬಿದ್ದು ನದಿಯ ಮೇಲೆ ಸಾಗುವ ರೈಲೊಂದಿದೆ. 1901ರಲ್ಲಿ ಶುರುವಾದದ್ದು ಈಗಲೂ ಓಡುತ್ತಿದೆ. 1902ರಲ್ಲಿ ಬಯೋಗ್ರಾಫಿನವರು ಆ ರೈಲಿನಿಂದ ತೆಗೆದ ಚಿತ್ರದಲ್ಲಿ ಕೆಳಗೆ ಬೀದಿಯಲ್ಲಿ ನಡೆಯುವವರ ನೆರಳನ್ನೂ ಎಣಿಸಬಹುದು.

ಬ್ರಿಟನ್ನಿನಲ್ಲಂತೂ ಇದು ಎರಡು ಮೂರು ವರ್ಷ ಹುಚ್ಚಿನಂತೆ ಹಬ್ಬಿತು. ರೈಲ್ವೆ ಕಂಪನಿಗಳೂ ಕೈಜೋಡಿಸಿದವು. ಅವರಿಗೆ ಬೇಕಾದದ್ದು ಪ್ರಚಾರ: ನಮ್ಮ ರೈಲಿನಲ್ಲಿ ಬಂದರೆ ಇಂಥ ಬೆಟ್ಟ, ಇಂಥ ಕೋಟೆ ನೋಡಬಹುದು ಎಂದು. 1898ರಲ್ಲಿ ವೇಲ್ಸಿನ ಕಾನ್ವೇ ಕೋಟೆಯ ಪಕ್ಕದ ಹಳಿಯ ಮೇಲೆ ತೆಗೆದ ಚಿತ್ರಕ್ಕೆ ಕೈಯಿಂದಲೇ ಬಣ್ಣ ಹಚ್ಚಿದ್ದರು, ಒಂದೊಂದು ಚಿತ್ರಕ್ಕೂ ಕುಂಚ ಹಿಡಿದು. ಬಣ್ಣದ ವಿಷಯಕ್ಕೆ ಮತ್ತೆ ಬರುತ್ತೇನೆ.

ಎಷ್ಟು ದಿನ ಅಂತ ಬರೀ ಹಳಿ ನೋಡುತ್ತಾರೆ? ಜನಕ್ಕೆ ಬೇಸರ ಬಂತು. ಆಗ, 1899ರಲ್ಲಿ, ಜಿ.ಎ. ಸ್ಮಿತ್ ಎಂಬಾತ ಒಂದು ಉಪಾಯ ಮಾಡಿದ. ರೈಲಿನ ಡಬ್ಬಿಯಂತೆ ಸೆಟ್ಟು ಹಾಕಿ, ತಾನೂ ತನ್ನ ಹೆಂಡತಿಯೂ ಪ್ರಯಾಣಿಕರಾಗಿ ಕೂತು, ಸುರಂಗದ ಕತ್ತಲಲ್ಲಿ ಒಂದು ಮುತ್ತು ಕೊಟ್ಟುಕೊಳ್ಳುವ ಸಣ್ಣ ದೃಶ್ಯ ತೆಗೆದ. ರೈಲು ಸುರಂಗಕ್ಕೆ ಹೋಗುವ ಚಿತ್ರ, ನಂತರ ಈ ದೃಶ್ಯ, ನಂತರ ಸುರಂಗದಿಂದ ಹೊರಬರುವ ಚಿತ್ರ, ಹೀಗೆ ಅಂಟಿಸಿ ತೋರಿಸಿ ಎಂದು ಪ್ರದರ್ಶಕರಿಗೆ ಮಾರಿದ. ಒಂದರ ಪಕ್ಕ ಒಂದು ದೃಶ್ಯ ಜೋಡಿಸಿ ಕಥೆ ಹೇಳುವ ಕಲೆಗೆ, ಅಂದರೆ ಎಡಿಟಿಂಗಿಗೆ, ಸಿಗುವ ಅತಿ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಇಂದಿನ ಎಲ್ಲ ಸಿನಿಮಾ ಎಡಿಟರುಗಳ ಮೂಲಪುರುಷರ ಸಾಲಿನಲ್ಲಿ ಒಂದು ಕತ್ತಲ ಸುರಂಗವೂ ಇದೆ ಎಂದಾಯಿತು.

ಅಮೆರಿಕದಲ್ಲಿ ಕ್ಯಾನ್ಸಸ್ ಸಿಟಿಯ ಅಗ್ನಿಶಾಮಕ ದಳದ ಮಾಜಿ ಮುಖ್ಯಸ್ಥ ಜಾರ್ಜ್ ಹೇಲ್ ಎಂಬಾತ 1905ರ ಸುಮಾರಿಗೆ ಇನ್ನೂ ಮುಂದೆ ಹೋದ. ಪ್ರದರ್ಶನದ ಕೋಣೆಯನ್ನೇ ರೈಲು ಬೋಗಿಯಂತೆ ಕಟ್ಟಿ, ನೆಲ ಅಲುಗಾಡಿಸಿ, ಹಳಿಯ ಸದ್ದು ಮಾಡಿಸಿ, ಎದುರಿನ ಪರದೆಯ ಮೇಲೆ ಇಂಥ ಚಿತ್ರ ಓಡಿಸುತ್ತಿದ್ದ. ಟಿಕೆಟ್ಟು ಹತ್ತು ಸೆಂಟು. ನಮ್ಮ ಜಾತ್ರೆಯಲ್ಲಿ ಪೆಟ್ಟಿಗೆಯ ತೂತಿನಲ್ಲಿ ಕಣ್ಣಿಟ್ಟು ಬಾಂಬೆ ನೋಡು, ದಿಲ್ಲಿ ನೋಡು ಎನ್ನಿಸುತ್ತಿದ್ದವರ ಅಮೆರಿಕದ ಅಣ್ಣ. ಕೆಲವು ವರ್ಷ ಹಣ ಸುರಿಯಿತು, ಆಮೇಲೆ ನಿಂತಿತು.

ಇಷ್ಟರವರೆಗೆ ಹೇಳಿದ್ದು ಮೋಜಿನ ಕಥೆ. ಮೋಜಿಗೆಂದು, ಟಿಕೆಟ್ಟಿಗೆಂದು, ರೈಲ್ವೆ ಜಾಹೀರಾತಿಗೆಂದು ತೆಗೆದ ಈ ಚಿತ್ರಗಳನ್ನು ಇತಿಹಾಸವೆಂದು ಯಾರೂ ತೆಗೆದಿರಲಿಲ್ಲ. ಉಳಿಸಬೇಕೆಂದೂ ಯಾರಿಗೂ ಅನ್ನಿಸಿರಲಿಲ್ಲ. ಆಗಿನ ಫಿಲ್ಮು ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುತ್ತಿತ್ತು, ಬೆಂಕಿ ಹಿಡಿಯದಿದ್ದರೆ ಡಬ್ಬಿಯೊಳಗೇ ಅಂಟಂಟಾಗಿ ಪುಡಿಯಾಗುತ್ತಿತ್ತು. ನಮ್ಮ ಭಾಷೆಯ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದ್ದು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದಕ್ಕಿಂತ 30 ವರ್ಷ ಹಿಂದಿನ ಅಮೆರಿಕದ ರೈಲು ಚಿತ್ರಗಳು ಹೇಗೆ ಉಳಿದವು?

ಉಳಿಸಿದ್ದು ಒಂದು ಸರ್ಕಾರಿ ನಿಯಮದ ತೊಡಕು. ಆಗ ಅಮೆರಿಕದ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾ ಎಂಬ ಪದವೇ ಇರಲಿಲ್ಲ. ಫೋಟೊಗೆ ಮಾತ್ರ ಹಕ್ಕು ಸಿಗುತ್ತಿತ್ತು. ಹಾಗಾಗಿ ಕಂಪನಿಗಳು ಇಡೀ ಫಿಲ್ಮನ್ನು ಉದ್ದನೆಯ ಕಾಗದದ ಸುರುಳಿಯ ಮೇಲೆ ಚಿತ್ರದ ಪಕ್ಕ ಚಿತ್ರವಾಗಿ ಮುದ್ರಿಸಿ, ಇದೊಂದು ಫೋಟೊಗಳ ಸರಣಿ ಎಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸಲ್ಲಿಸಿದವು. 1912ರಲ್ಲಿ ಕಾಯ್ದೆ ತಿದ್ದುಪಡಿಯಾಗುವ ತನಕ ಹೀಗೆ ನಡೆಯಿತು. ಮೂಲ ಫಿಲ್ಮುಗಳು ಹಾಳಾದವು, ಗೋದಾಮಿನಲ್ಲಿ ಬಿದ್ದಿದ್ದ ಕಾಗದದ ಸುರುಳಿಗಳು ಹಾಗೇ ಇದ್ದವು. 1950ರ ದಶಕದಲ್ಲಿ ಅವನ್ನು ಒಂದೊಂದೇ ಚಿತ್ರವಾಗಿ ಮತ್ತೆ ಫಿಲ್ಮಿಗೆ ಇಳಿಸುವ ಕೆಲಸ ನಡೆಯಿತು. ಸುಮಾರು ಮೂರು ಸಾವಿರ ಚಿತ್ರಗಳು ಹೀಗೆ ಉಳಿದಿವೆ. ಅವುಗಳಲ್ಲಿ 1905ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ ಬಿಲ್ಲಿ ಬಿಟ್ಜರ್ ತೆಗೆದದ್ದೂ ಒಂದು. ಆ ರೈಲುಮಾರ್ಗ ಶುರುವಾಗಿ ಏಳು ತಿಂಗಳಾಗಿತ್ತಷ್ಟೇ. ಕತ್ತಲೆಯ ಸುರಂಗದಲ್ಲಿ ಚಿತ್ರ ತೆಗೆಯುವುದು ಹೇಗೆ? ಮುಂದೊಂದು ರೈಲು, ಅದರ ಹಿಂದೆ ಕ್ಯಾಮೆರಾ ಹೊತ್ತ ರೈಲು, ಪಕ್ಕದ ಹಳಿಯ ಮೇಲೆ ದೀಪಗಳನ್ನು ಹೊತ್ತ ಮೂರನೆಯದು. ಮೂರೂ ಒಟ್ಟಿಗೆ ಓಡಬೇಕು! ನಮ್ಮ ಕಚೇರಿಯಲ್ಲಿ ಮೂರು ತಂಡ ಒಂದು ದಿನಾಂಕಕ್ಕೆ ಕೆಲಸ ಮುಗಿಸುವುದೇ ಕಷ್ಟ ಎಂಬುದನ್ನು ಬಲ್ಲ ನಾನು ಆ ಚಿತ್ರಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಇನ್ನು ನಾನು ಹೇಳಲೇಬೇಕೆಂದಿರುವ ಚಿತ್ರಕ್ಕೆ ಬರುತ್ತೇನೆ. ಅದು ಸ್ಯಾನ್ ಫ್ರಾನ್ಸಿಸ್ಕೊದ ಮಾರ್ಕೆಟ್ ಸ್ಟ್ರೀಟ್ ಎಂಬ ದೊಡ್ಡ ಬೀದಿಯದು. ಇಲ್ಲಿ ಕ್ಯಾಮೆರಾ ಇದ್ದದ್ದು ರೈಲಿನ ಮೇಲಲ್ಲ, ಹಳಿಯ ಮೇಲೆ ಓಡುವ ಕೇಬಲ್ ಕಾರಿನ ಮೇಲೆ. ನೆಲದಡಿಯಲ್ಲಿ ಸದಾ ಓಡುವ ಉಕ್ಕಿನ ಹಗ್ಗವನ್ನು ಹಿಡಿದುಕೊಂಡು ಸಾಗುವ ಗಾಡಿ ಅದು. ಮೈಲ್ಸ್ ಸಹೋದರರು ಎಂಬ ಚಿತ್ರ ವ್ಯಾಪಾರಿಗಳು ಅದರ ಮುಂದೆ ಕ್ಯಾಮೆರಾ ಇಟ್ಟು, ಬೀದಿಯುದ್ದಕ್ಕೂ, ಸಮುದ್ರದ ದಡದ ಫೆರ್ರಿ ಕಟ್ಟಡದ ಗಡಿಯಾರ ಗೋಪುರದವರೆಗೆ ತೆಗೆದರು. ಸುಮಾರು 12 ನಿಮಿಷ.

ಆ 12 ನಿಮಿಷದಲ್ಲಿ ಏನೇನಿದೆ! ಕುದುರೆಗಾಡಿಗಳು, ಟ್ರಾಮುಗಳು, ಸ್ಟಿಯರಿಂಗು ಬಲಗಡೆಗಿರುವ ಹೊಸ ಕಾರುಗಳು, ಸೈಕಲ್ಲುಗಳು. ಯಾರಿಗೂ ಎಡ ಬಲ ಎಂಬ ಕಟ್ಟುನಿಟ್ಟಿಲ್ಲ. ಮನಸ್ಸು ಬಂದ ಕಡೆ ದಾಟುತ್ತಾರೆ. ನಮ್ಮೂರ ಸಂತೆಯ ದಿನ ಬಸ್ ಸ್ಟ್ಯಾಂಡಿನ ಎದುರು ನಿಂತವರಿಗೆ ಇದೇನೂ ಹೊಸದಲ್ಲ. ಪತ್ರಿಕೆ ಮಾರುವ ಹುಡುಗರು ಕ್ಯಾಮೆರಾ ಕಂಡು ಗಾಡಿಯ ಮುಂದೆ ಮುಂದೆಯೇ ಓಡುತ್ತಾರೆ, ತಿರುಗಿ ನಗುತ್ತಾರೆ. ಇನ್ನೊಂದು ತಮಾಷೆಯೂ ಇದೆ. ಗಮನವಿಟ್ಟು ನೋಡಿದರೆ ಒಂದೇ ಕಾರು ಹಲವು ಸಲ ಬರುತ್ತದೆ. ಕ್ಯಾಮೆರಾದ ಎದುರು ಹಾದು, ಹಿಂದಿನಿಂದ ಸುತ್ತಿಕೊಂಡು ಬಂದು, ಮತ್ತೆ ಹಾದುಹೋಗುತ್ತದೆ. ನಮ್ಮ ಊರಿನಲ್ಲಿ ಎಷ್ಟೊಂದು ಕಾರುಗಳು ನೋಡಿ ಎಂದು ತೋರಿಸುವ ಹೂಟ. ಅಂದರೆ ಈ 'ಇದ್ದದ್ದು ಇದ್ದ ಹಾಗೆ' ಚಿತ್ರದಲ್ಲೂ ಸ್ವಲ್ಪ ನಾಟಕವಿದೆ. ಆಧಾರ ಎನ್ನುವುದನ್ನು ಹೀಗೇ, ಒಂದು ಕಣ್ಣು ತೆರೆದಿಟ್ಟುಕೊಂಡು ಓದಬೇಕು.

ಈ ಚಿತ್ರ ಯಾವಾಗಿನದು? ಬಹಳ ಕಾಲ ಇದನ್ನು 1905ರ ಸೆಪ್ಟೆಂಬರಿನದು ಎಂದು ನಂಬಿದ್ದರು. ನೆರಳಿನ ಉದ್ದ ಆ ಕಾಲಕ್ಕೆ ಹೊಂದುತ್ತಿತ್ತು. ಡೇವಿಡ್ ಕೀನ್ ಎಂಬ ಸಿನಿಮಾ ಇತಿಹಾಸಕಾರರಿಗೆ ಇದು ಸರಿಕಾಣಲಿಲ್ಲ, ಏಕೆಂದರೆ ಬೀದಿಯಲ್ಲಿ ನೀರು ನಿಂತಿತ್ತು. ಆ ಊರಿನಲ್ಲಿ ಮಳೆ ನಮ್ಮ ಹಾಗೆ ಜೂನ್‌ನಿಂದ ಬರುವುದಿಲ್ಲ. ಅಲ್ಲಿ ಚಳಿಗಾಲಕ್ಕೆ ಮಳೆ, ಬೇಸಿಗೆ ಒಣ. ಹಳೆಯ ಹವಾಮಾನ ವರದಿ ತೆಗೆದು ನೋಡಿದರೆ, ನಂಬಿದ್ದ ಆ ತಿಂಗಳಲ್ಲಿ ಬೀದಿ ತೋಯುವಂಥ ಮಳೆಯೇ ಇಲ್ಲ. ಅವರು ಕಾರುಗಳ ನಂಬರ್ ಪ್ಲೇಟು ಓದಿದರು. ಒಂದು ಕಾರು ನೋಂದಣಿಯಾದದ್ದೇ 1906ರ ಆರಂಭದಲ್ಲಿ. ಆಗಿನ ಪತ್ರಿಕೆಗಳನ್ನು ಹುಡುಕಿದರು. ಹಾಗಾದರೆ ನೆರಳಿನ ಲೆಕ್ಕ ಏನಾಯಿತು ಎಂದು ನೀವು ಕೇಳಬಹುದು. ಜೂನ್ 21ರಿಂದ ಹಿಂದಕ್ಕೂ ಮುಂದಕ್ಕೂ ಸಮದೂರದಲ್ಲಿರುವ ಎರಡು ದಿನಗಳಲ್ಲಿ ಸೂರ್ಯ ಆಕಾಶದಲ್ಲಿ ಒಂದೇ ದಾರಿ ಹಿಡಿಯುತ್ತಾನೆ. ಆಗಸ್ಟ್ ಕೊನೆಯ ನೆರಳೂ ಏಪ್ರಿಲ್ ನಡುವಿನ ನೆರಳೂ ಒಂದೇ ಅಳತೆ. ನೆರಳು ಎರಡು ಉತ್ತರ ಕೊಡುತ್ತದೆ, ಯಾವುದು ಸರಿ ಎಂದು ಅದು ಹೇಳಲಾರದು. ರಸ್ತೆಯ ಕೊಚ್ಚೆ ಹೇಳಿತು. ಎಲ್ಲವನ್ನೂ ಕೂಡಿಸಿ ಕೀನ್ ಬಂದು ಮುಟ್ಟಿದ ತಾರೀಕು 1906ರ ಏಪ್ರಿಲ್ 14.

ನಾಲ್ಕು ದಿನ ಕಳೆದು, ಏಪ್ರಿಲ್ 18ರ ಬೆಳಗಿನ 5 ಗಂಟೆ 12 ನಿಮಿಷಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಮಿ ನಡುಗಿತು. ನಡುಕದ ಹಿಂದೆಯೇ ಬೆಂಕಿ. ಮೂರು ದಿನ ಊರು ಉರಿಯಿತು. ಸತ್ತವರು ಸುಮಾರು ಮೂರು ಸಾವಿರವೆಂದು ಅಂದಾಜು, ನಾಶವಾದ ಕಟ್ಟಡಗಳು 28 ಸಾವಿರದಷ್ಟು. ಆ ಬೀದಿಯ ಇಕ್ಕೆಲದಲ್ಲಿ ಕಾಣುವ ಅಂಗಡಿ ಮಳಿಗೆಗಳಲ್ಲಿ ಬಹುಪಾಲು ಹೋದವು. ಮೈಲ್ಸ್ ಸಹೋದರರ ಕಚೇರಿಯೂ ಅದೇ ಬೀದಿಯಲ್ಲಿತ್ತು, ಅದೂ ಸುಟ್ಟಿತು. ಚಿತ್ರ ಉಳಿದದ್ದು ಹೇಗೆಂದರೆ, ಹಿಂದಿನ ದಿನ, 17ರಂದು, ಅದನ್ನು ತೆಗೆದುಕೊಂಡು ಸಹೋದರರು ನ್ಯೂಯಾರ್ಕಿಗೆ ಹೋಗುವ ರೈಲು ಹತ್ತಿದ್ದರು.

ಈ ತಾರೀಕು ಗೊತ್ತಾಗುವ ಮೊದಲು ಅದು ಹಳೆಯ ಒಂದು ಊರಿನ ಬೀದಿಯ ಚಿತ್ರ. ಗೊತ್ತಾದ ಮೇಲೆ ಅದೇ ಚಿತ್ರವನ್ನು ಹಾಗೆ ನೋಡಲು ಆಗುವುದಿಲ್ಲ. ಓಡುತ್ತ ನಗುವ ಆ ಪತ್ರಿಕೆಯ ಹುಡುಗ ಬುಧವಾರದ ಬೆಳಿಗ್ಗೆ ಎಲ್ಲಿದ್ದನೋ ಎಂದು ಮನಸ್ಸು ಕೇಳುತ್ತದೆ. ಚಿತ್ರದ ಒಂದು ಗೆರೆಯೂ ಬದಲಾಗಿಲ್ಲ, ಸೇರಿದ್ದು ಒಂದು ತಾರೀಕು ಮಾತ್ರ. ಭೂಕಂಪವಾದ ಕೆಲವೇ ದಿನಕ್ಕೆ ಅದೇ ಸಹೋದರರು ಅದೇ ಬೀದಿಯಲ್ಲಿ ಮತ್ತೊಮ್ಮೆ ಕ್ಯಾಮೆರಾ ಓಡಿಸಿದ್ದರು. ಆ ರೀಲು ಕಳೆದುಹೋಗಿತ್ತು. ಇತ್ತೀಚೆಗೆ ಸ್ಯಾನ್ ಫ್ರಾನ್ಸಿಸ್ಕೊದ ಹಳೆಸಾಮಾನಿನ ಸಂತೆಯಲ್ಲಿ ಸಿಕ್ಕಿ, 2018ರಲ್ಲಿ ಜನರಿಗೆ ತೋರಿಸಿದರು. ಎರಡು ಕಡೆಯೂ ಮುರಿದ ಗೋಡೆ, ನಡುವೆ ಅದೇ ಬೀದಿ.

ತಾರೀಕು, ಊರ ಹೆಸರು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 1899ರಲ್ಲಿ ಲಂಡನ್ನಿನ ವಾರ್ವಿಕ್ ಕಂಪನಿ 'ಕಲ್ಕತ್ತದ ನೋಟ' ಎಂದು ಒಂದು ಚಿತ್ರ ಮಾರಿತು. ಇದು ರೈಲಿನಿಂದಲ್ಲ, ದೋಣಿಯಿಂದ ತೆಗೆದದ್ದು. ಭಾರತದಲ್ಲಿ ತೆಗೆದು ಉಳಿದಿರುವ ಅತಿ ಹಳೆಯ ಚಿತ್ರಗಳಲ್ಲಿ ಒಂದು. ನದಿಯ ದಡ, ಸಾಲು ಮೆಟ್ಟಿಲು, ಸ್ನಾನ ಮಾಡುವವರು, ಗುಡಿಗಳು. ಕಾಶಿಗೆ ಹೋಗಿಬಂದ ನಮ್ಮೂರ ಯಾವ ಅಜ್ಜಿಗೆ ತೋರಿಸಿದರೂ ಅದು ಕಾಶಿ ಎಂದು ಹೇಳುತ್ತಾರೆ, ಕಲ್ಕತ್ತ ಅಲ್ಲ. ಲಂಡನ್ನಿನಲ್ಲಿ ಕೂತು ಹೆಸರು ಬರೆದವನಿಗೆ ಎರಡೂ ಒಂದೇ. ಹಾಗೆ ತಪ್ಪು ಹೆಸರನ್ನು ಹೊತ್ತೇ ಆ ಚಿತ್ರ ನೂರು ವರ್ಷಕ್ಕೂ ಮೇಲೆ ಬಂದಿದೆ.

ಈಗ ನನ್ನ ಉದ್ಯೋಗಕ್ಕೆ ಬರುತ್ತೇನೆ. ನಾನು ಕೆಲಸ ಮಾಡುವುದು ವೀಡಿಯೊ ಸಂಬಂಧದ ಸಾಫ್ಟ್‌ವೇರಿನಲ್ಲಿ. ಮಾರ್ಕೆಟ್ ಸ್ಟ್ರೀಟಿನ ಈ ಚಿತ್ರವನ್ನು ನಿಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ಆಗಲೇ ನೋಡಿರಬಹುದು. ಕಪ್ಪು ಬಿಳುಪಿನಲ್ಲಿ ಅಲ್ಲ, ಬಣ್ಣದಲ್ಲಿ, ನಿನ್ನೆ ತೆಗೆದಷ್ಟು ನುಣುಪಾಗಿ, ಕುದುರೆಯ ಗೊರಸಿನ ಸದ್ದಿನೊಂದಿಗೆ. ನೋಡಿದವರು ಅಬ್ಬಾ ಎನ್ನುತ್ತಾರೆ. ನಾನೂ ಅಂದಿದ್ದೇನೆ. ಆದರೆ ಅದು ಹೇಗೆ ಆಗುತ್ತದೆಂದು ತಿಳಿದವನಾಗಿ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ.

ಲೂಮಿಯೇರರ ಒಂದು ರೀಲು ಸುಮಾರು 50 ಸೆಕೆಂಡು. ಸೆಕೆಂಡಿಗೆ 16ರಂತೆ 800 ಚಿತ್ರಗಳು. ಮೊಬೈಲಿನ ನುಣುಪು ರೂಪದಲ್ಲಿ ಸೆಕೆಂಡಿಗೆ 60, ಅಂದರೆ 3,000 ಚಿತ್ರಗಳು. ಉಳಿದ 2,200 ಎಲ್ಲಿಂದ ಬಂದವು? ಯಂತ್ರ ಒಂದು ಚಿತ್ರವನ್ನೂ ಅದರ ಮುಂದಿನದನ್ನೂ ನೋಡಿ, ನಡುವೆ ಹೀಗಿದ್ದಿರಬಹುದು ಎಂದು ಬರೆದು ಸೇರಿಸಿದ್ದು. ಕೈ ಎತ್ತಿದ ಮನುಷ್ಯನ ಕೈಯನ್ನು ಅದು ಸರಿಯಾಗಿಯೇ ಊಹಿಸಿರಬಹುದು. ಮುಖ ಮಸುಕಾಗಿದ್ದರೆ ತಾನು ಹಿಂದೆ ನೋಡಿದ ಲಕ್ಷಾಂತರ ಮುಖಗಳ ಸರಾಸರಿಯಲ್ಲಿ ಒಂದು ಕಣ್ಣು, ಒಂದು ಮೂಗು ಇಡುತ್ತದೆ. ಆ ಮುಖ ಆ ಮನುಷ್ಯನದಲ್ಲ, ಯಾರದೂ ಅಲ್ಲ.

ಬಣ್ಣದ ಕಥೆ ಇನ್ನೂ ಕೆಟ್ಟದ್ದು. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ ಎನ್ನಬಹುದು. ಕೆಂಪು ವಸ್ತು ಕಪ್ಪಾಗಿ, ನೀಲಿ ವಸ್ತು ಬಿಳಿಯಾಗಿ ಮೂಡುತ್ತಿತ್ತು. ಹಣೆಯ ಕುಂಕುಮ ಕಪ್ಪುಬೊಟ್ಟು, ನೀಲಿ ಆಕಾಶ ಬಿಳಿ ಕಾಗದ. ಕಪ್ಪಾಗಿ ಕಾಣುವ ಬಟ್ಟೆ ಕಪ್ಪೋ ಕೆಂಪೋ ಎಂದು ಫಿಲ್ಮಿನಲ್ಲೇ ಇಲ್ಲದ ಮೇಲೆ ಯಂತ್ರಕ್ಕೆ ಎಲ್ಲಿಂದ ಗೊತ್ತಾಗಬೇಕು? ಅದು ಒಂದು ಬಣ್ಣ ಆರಿಸಿ ಹಾಕುತ್ತದೆ. ಕಾನ್ವೇ ಕೋಟೆಯ ಚಿತ್ರಕ್ಕೆ ಕುಂಚ ಹಿಡಿದು ಬಣ್ಣ ಹಚ್ಚಿದವರೂ ಮನಸ್ಸಿಗೆ ಬಂದದ್ದನ್ನೇ ಹಚ್ಚಿರಬಹುದು. ಆದರೆ ಅದು ಹಚ್ಚಿದ ಬಣ್ಣ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಈಗ ತಿಳಿಯುವುದಿಲ್ಲ. ನನ್ನ ಆಕ್ಷೇಪ ಅದಕ್ಕೆ. ಬಣ್ಣ ಹಾಕಲಿ, ಮಕ್ಕಳು ನೋಡಿ ಸಂತೋಷಪಡಲಿ. ಜೊತೆಗೆ ಮೂಲವನ್ನೂ ಇಡಲಿ, ಇದು ಯಂತ್ರ ಸೇರಿಸಿದ್ದು ಎಂದು ಬರೆಯಲಿ. ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಅಕ್ಷರ ಅಳಿಸಿದವನು ನಾಣ್ಯವನ್ನು ಹೊಳೆಯಿಸಿದ್ದೇನೋ ನಿಜ.

ಈ ಮಾತು ಸ್ಯಾನ್ ಫ್ರಾನ್ಸಿಸ್ಕೊಗೆ ಮಾತ್ರ ಸೇರಿದ್ದಲ್ಲ. ಈ ಸಂಚಿಕೆಗೆಂದು ಹಳೆಯ ಫೋಟೊಗಳನ್ನು ಕೇಳಿದಾಗ ನಮ್ಮ ವಾಟ್ಸ್‌ಆಪ್ ಗುಂಪಿಗೆ ಒಂದು ಫೋಟೊ ಬಂತು. ಶಾಲೆಯ ಮೊದಲ ಕಟ್ಟಡಕ್ಕೆ ಊರವರು ಶ್ರಮದಾನ ಮಾಡುತ್ತಿರುವುದು. ಮಣ್ಣಿನ ಪುಟ್ಟಿ ಹೊತ್ತ ಹೆಂಗಸರು, ರುಮಾಲಿನ ಗಂಡಸರು, ಒಟ್ಟು ಹದಿನೇಳು ಜನ. ಎರಡು ದಿನದಲ್ಲಿ ಯಾರೋ ಉತ್ಸಾಹಿಗಳು ಅದಕ್ಕೆ ಬಣ್ಣ ಹಾಕಿಸಿ ಮತ್ತೆ ಕಳಿಸಿದರು. ಎಲ್ಲರೂ ಕೈಮುಗಿದ ಚಿತ್ರ ಹಾಕಿ ಮೆಚ್ಚಿದರು. ಮುಂದಿನ ಸಾಲಿನಲ್ಲಿ ಪುಟ್ಟಿ ಹೊತ್ತ ಹೆಂಗಸಿನ ಸೀರೆ ನೀಲಿಯಾಗಿತ್ತು. ಅವರ ಮೊಮ್ಮಗಳು ನನ್ನ ಸಹಪಾಠಿ. ಅಜ್ಜಿಗೆ ಫೋನಿನಲ್ಲಿ ತೋರಿಸಿದಳಂತೆ. "ಅಯ್ಯೋ, ನಂದು ಹಸಿರು ಸೀರೆ ಕಣವ್ವ, ನಿಮ್ಮ ತಾತ ಜಾತ್ರೇಲಿ ತಂದಿದ್ದು" ಎಂದರಂತೆ. ಅದನ್ನು ಬಲ್ಲವರು ಊರಿನಲ್ಲಿ ಈಗ ಅವರೊಬ್ಬರೇ. ಸಮಿತಿಯವರಿಗೆ ಹೇಳಿ, ಈ ಸಂಚಿಕೆಯಲ್ಲಿ ಕಪ್ಪು ಬಿಳುಪಿನ ಮೂಲವನ್ನೇ ಹಾಕಿಸಿದ್ದೇವೆ.

ಆ ಫೋಟೊದ ಹಿಂದೆ ತಾರೀಕಿಲ್ಲ. ಕೀನ್ ಅವರ ದಾರಿಯನ್ನೇ ಹಿಡಿದು ನಾನೂ ಮುಖ್ಯೋಪಾಧ್ಯಾಯರೂ ಒಂದು ಭಾನುವಾರ ಕೂತು ನೋಡಿದೆವು. ಹಿಂದಿನ ಗೋಡೆಯ ಮೇಲೆ ಟೂರಿಂಗ್ ಟಾಕೀಸಿನ ಹರಿದ ಪೋಸ್ಟರಿದೆ, ಅದರಲ್ಲಿ 'ಮಯೂರ' ಎಂಬ ಅಕ್ಷರ ಓದಬಹುದು. 'ಮಯೂರ' ಬಿಡುಗಡೆಯಾದದ್ದು 1975ರಲ್ಲಿ. ಟೆಂಟಿಗೆ ಬರುವ ಹೊತ್ತಿಗೆ ಸಿನಿಮಾ ಹಳೆಯದಾಗಿರುತ್ತಿತ್ತು, ಹಾಗಾಗಿ 1975ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಇದರಿಂದ ಹೇಳಬಹುದು. ಕಟ್ಟಡಕ್ಕೆ ಇನ್ನೂ ಹೆಂಚು ಹೊದಿಸಿಲ್ಲ. ಶಾಲೆಯ ಹಳೆಯ ರಿಜಿಸ್ಟರಿನಲ್ಲಿ ಹೆಂಚು ತಂದ ಲೆಕ್ಕ 1977ರ ಮೇ ತಿಂಗಳಿನದು. ಹುಣಸೆಮರದ ಕೆಳಗೆ ಬಿದ್ದಿರುವ ಕಾಯಿಸಿಪ್ಪೆ ನೋಡಿದರೆ ಸುಗ್ಗಿ ಮುಗಿದ ಕಾಲ, ಫೆಬ್ರವರಿ ಮಾರ್ಚ್ ಇರಬೇಕು ಎಂದು ನಮ್ಮ ಜವಾನರು ಹೇಳಿದರು. ಅದು ನನಗೆ ಹೊಳೆದಿರಲಿಲ್ಲ.

ಹದಿನೇಳು ಜನರಲ್ಲಿ ಹನ್ನೊಂದು ಮಂದಿಯ ಹೆಸರು ಸಿಕ್ಕಿದೆ. ಫೋಟೊವನ್ನು ಈ ಸಂಚಿಕೆಯಲ್ಲಿ ಪೂರ್ಣ ಪುಟಕ್ಕೆ ಹಾಕಿದ್ದಾರೆ, ಒಬ್ಬೊಬ್ಬರಿಗೂ ಅಂಕಿ ಕೊಟ್ಟಿದೆ. 4, 7, 8, 12, 15 ಮತ್ತು 16ನೇ ಅಂಕಿಯವರನ್ನು ಗುರುತಿಸುವವರು ಶಾಲೆಯ ಕಚೇರಿಗೆ ಬಂದು ಹೇಳಬೇಕು. 12ನೆಯವರು ಮುಖ ತಿರುಗಿಸಿ ನಿಂತಿದ್ದಾರೆ, ಎಡಗೈಯಲ್ಲಿ ಗುದ್ದಲಿ ಹಿಡಿದಿದ್ದಾರೆ. ಎಡಗೈಯವರು ಯಾರಿದ್ದರು ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.